ಬಚ್ಚಲ ಬಕೆಟ್ಟಿನ ಏಡಿಗಳು

ವಿಜ್ಞಾನ ಓದಿದವನಿಗೆ ದೆವ್ವದ ಭಯ ಇರಬಾರದೆಂದು ಜನ ನಂಬಿದ್ದಾರೆ. ಹಗಲುಹೊತ್ತಿನಲ್ಲಿ ನಾನೂ ನಂಬುತ್ತೇನೆ. ತೊಂಬತ್ತರ ದಶಕದಲ್ಲಿ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುತ್ತ, ಶೇಡಬಾಳದ ಪದ್ಮವ್ವ ಆಯಿಯ ಮನೆಯ ಹಿತ್ತಲ ಖೋಲಿಯಲ್ಲಿ ಬಾಡಿಗೆಗಿದ್ದೆ. ಆಯಿ ಜೈನರು. ಸೇದಿದ ನೀರನ್ನು ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಕಣ್ಣಿಗೆ ಕಾಣದ ಜೀವಗಳನ್ನು ಮತ್ತೆ ಅದೇ ಬಾವಿಗೆ ಬಿಡುವ ವಯಸ್ಸಾದ ಹೆಂಗಸು. ಅಂಥವರ ಮನೆಗೆ ನಾನು ಏಡಿ ಚಿಪ್ಪು ತಂದೆ. ಬುದ್ಧಿಗೆ ಮಂಕು ಕವಿಯುವುದೆಂದರೆ ಇದೇ.

ಕುಡಚಿಯ ಹೊಳೆದಂಡೆಯಲ್ಲಿ ಮೀನು ಹಿಡಿಯುವವರು ಬಲೆಯಿಂದ ಬಿಡಿಸಿ ಎಸೆದ, ಇರುವೆ ತಿಂದು ಟೊಳ್ಳಾದ ಏಡಿಗಳು ಬೇಕಾದಷ್ಟು ಬಿದ್ದಿರುತ್ತಿದ್ದವು. ಆ ಚಿಪ್ಪಿನಿಂದ ಕೈಟೊಸಾನ್ ಎಂಬ ಪದಾರ್ಥ ತೆಗೆದು ದ್ರಾಕ್ಷಿಗೆ ತೆಳ್ಳಗೆ ಸವರಿದರೆ ಹಣ್ಣು ಬೇಗ ಕೊಳೆಯುವುದಿಲ್ಲವೆಂದು ಎಲ್ಲೋ ಓದಿದ್ದೆ. ಸುತ್ತಲೂ ದ್ರಾಕ್ಷಿ ತೋಟ, ಹೊಳೆ ತುಂಬ ಚಿಪ್ಪು. ನನಗೆ ಹುರುಪು ಹತ್ತಿತು. ಮೊದಲ ಕೆಲಸ, ನೀರು ಬೆರೆಸಿದ ಆಸಿಡ್ಡಿನಲ್ಲಿ ನೆನೆಹಾಕಿ ಚಿಪ್ಪಿನ ಸುಣ್ಣ ಕಳೆಯುವುದು. ಸುಣ್ಣ ಹೋದರೂ ಏಡಿ ಕಾಲು, ಮೈ ಸಮೇತ ಅದೇ ಆಕಾರದಲ್ಲಿ, ಆರಪಾರ ಕಾಣುವ ಪೊರೆಯಾಗಿ ಉಳಿಯುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

ಒಂದು ಮಧ್ಯಾಹ್ನ ಬಚ್ಚಲ ಬಕೆಟ್ಟಿನಲ್ಲಿ ಅವನ್ನು ನೆನೆಹಾಕಿದೆ. ಬಚ್ಚಲು ನಮ್ಮಿಬ್ಬರಿಗೂ ಒಂದೇ. ಹೊತ್ತು ಮುಳುಗುವ ಮುಂಚೆ ಊಟ ಮುಗಿಸಿದ ಆಯಿ ಕೈ ತೊಳೆಯಲು ಬಂದವರು ನನ್ನನ್ನು ಕರೆದರು. ಬಕೆಟ್ಟಿನಿಂದ ಚುರುಚುರು ಸಪ್ಪಳ. ಬಗ್ಗಿ ನೋಡಿದರೆ ಗಾಜಿನಂಥ ಏಡಿಗಳು ಮೆಲ್ಲಗೆ ಏಳುತ್ತಿದ್ದವು, ಮುಳುಗುತ್ತಿದ್ದವು.

"ಸರ, ಇವಕ್ಕ ಜೀವ ಐತ್ರಿ."

"ಇಲ್ರಿ ಆಯಿ, ಗುಳ್ಳಿ ಎತ್ತಾಕತ್ತಾವ್ರಿ."

"ಖರೇನ ಸತ್ತಾವಂತ ಎದಿ ಮುಟ್ಟಿ ಹೇಳ್ರಿ, ಖೋಲ್ಯಾಗ ಇರ್ರಿ. ಆಗಲಿಲ್ಲಂದ್ರ ಖಾಲಿ ಮಾಡ್ರಿ."

ಒಂಟಿ ಗಂಡಸಿಗೆ ಆ ಊರಲ್ಲಿ ಬೇರೆ ಖೋಲಿ ಸಿಗುವಂತಿರಲಿಲ್ಲ. ಎದೆ ಮುಟ್ಟಿಕೊಂಡು ಬಾಯಿ ತೆರೆದೆ. ಅಷ್ಟರಲ್ಲಿ ಒಂದು ಏಡಿ ಮೇಲೆ ಬಂದು, ಮುಂಗಾಲೆತ್ತಿ ನನ್ನ ಕಡೆ ತಿರುಗಿತು. ಗುಳ್ಳೆಯ ಕೆಲಸವೆಂದು ಗೊತ್ತಿದ್ದೂ ಎದೆಯ ಮೇಲಿನ ಕೈ ತೆಗೆದು ಒಂದು ಹೆಜ್ಜೆ ಹಿಂದೆ ಸರಿದೆ. ಆಯಿಗೆ ಕನಿಕರ ಬಂತು, ಏಡಿಯ ಮೇಲೋ ನನ್ನ ಮೇಲೋ ತಿಳಿಯದು. "ಎಲ್ಲಿಂದ ತಂದ್ರಿ, ಅಲ್ಲೇ ಬಿಟ್ಟು ಬರ್ರಿ. ಖೋಲಿ ಮಾತು ಆಮ್ಯಾಲ" ಎಂದರು.

ಮರುದಿನ ಸಂಜೆ ಎಲ್ಲವನ್ನೂ ಚೆನ್ನಾಗಿ ತೊಳೆದು ಕುಡಚಿಯ ಹೊಳೆಗೆ ಬಿಟ್ಟೆ. ಹಗುರವಾದ ಪೊರೆ, ನೀರಿನ ಜೊತೆ ಹೋಗಬೇಕಿತ್ತು. ಹೋಗಲಿಲ್ಲ. ಒಂದರ ಹಿಂದೊಂದು, ಹರಿವಿಗೆ ಅಡ್ಡಡ್ಡವಾಗಿ, ಏಡಿ ನಡೆಯುವ ಹಾಗೆಯೇ ಆಚೆ ದಂಡೆಯತ್ತ ಸರಿದವು. ಅಲ್ಲಿ ಸುಳಿಯಿತ್ತು. ಇರಲೇಬೇಕು.

ಆಯಿ ಬಾಗಿಲಲ್ಲೇ ಕಾಯುತ್ತಿದ್ದರು. "ಹೆಂಗ ಹೋದ್ವ್ರಿ?"

"ನಡಕೋತ ಹೋದ್ವ್ರಿ" ಎಂದುಬಿಟ್ಟೆ.

ಖೋಲಿ ಉಳಿಯಿತು. ಆಸಿಡ್ಡಿನಲ್ಲಿ ಗುಳ್ಳೆ ಏಕೆ ಏಳುತ್ತದೆಂದು ಕ್ಲಾಸಿನಲ್ಲಿ ಇವತ್ತಿಗೂ ಗಟ್ಟಿ ದನಿಯಲ್ಲಿ ವಿವರಿಸುತ್ತೇನೆ. ಸ್ನಾನದ ನೀರನ್ನು ಮಾತ್ರ, ಬಾಗಿಲು ಹಾಕಿಕೊಂಡು, ಮೊದಲು ಬಟ್ಟೆಯಲ್ಲಿ ಸೋಸಿಕೊಳ್ಳುತ್ತೇನೆ.