ಕಪ್ಪು ಕಾರಿನ ಹಸಿರು ಹನಿಗಳು

ಕುಮಟೆಯಲ್ಲಿ ಸ್ವಂತ ಕಾರು ಇಟ್ಟುಕೊಂಡೂ ಎಲ್ಲ ಕಡೆ ನಡೆದೇ ಹೋಗುತ್ತಿದ್ದವರು ಯಾರಾದರೂ ಇದ್ದರೆ ಅದು ನನ್ನ ಭಾವ ಒಬ್ಬರೇ. ಹಾಗೆಂದು ಅವರನ್ನು ಜಿಪುಣರೆಂದು ತಿಳಿಯಬೇಡಿ. ನಡಿಗೆ ಆರೋಗ್ಯಕ್ಕೆ ಒಳ್ಳೆಯದೆಂಬ ಭ್ರಮೆಯೂ ಅವರಿಗಿರಲಿಲ್ಲ. ಹೊರಗೆ ತೆಗೆದರೆ ಕಾರು ಮಾಸುತ್ತದೆ, ಅಷ್ಟೆ!

ಭಾವ ಎಂದರೆ ನನ್ನ ಅಕ್ಕನ ಗಂಡ. ಕುಮಟೆ ಪೇಟೆಯಲ್ಲಿ ತೆಂಗಿನಕಾಯಿ ಮತ್ತು ಹುರಿಹಗ್ಗದ ವ್ಯಾಪಾರ. ನಾನಾಗ ಹೊನ್ನಾವರದಲ್ಲಿ ಮಾಸ್ತರಿಕೆ ಮಾಡುತ್ತಿದ್ದೆ. ಮದುವೆಯಾಗಿರಲಿಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟಿತೆಂದರೆ ಬಸ್ಸು ಹತ್ತಿ ಅಕ್ಕನ ಮನೆಯ ಊಟಕ್ಕೆ ಹಾಜರು. ನಮ್ಮ ಜಿಲ್ಲೆ ಮುಂಬೈ ಪ್ರಾಂತ್ಯ ಬಿಟ್ಟು ಮೈಸೂರಿಗೆ ಸೇರಿದಾಗ, ಊರು ಬಿಟ್ಟು ಹೊರಟ ಸಾಹೇಬರೊಬ್ಬರು ತಮ್ಮ ಕಪ್ಪು ಕಾರನ್ನು ಭಾವನಿಗೆ ಮಾರಿ ಹೋದರು. ಅಲ್ಲಿಂದ ಶುರುವಾಯಿತು ನೋಡಿ.

ಆ ಕಾರಿಗೆ ಮನೆಯ ಪಕ್ಕದಲ್ಲಿ ಹಂಚಿನ ಮಾಡು ಎದ್ದಿತು. ಅಡುಗೆಮನೆ ಸೋರುತ್ತಿದ್ದರೂ ಕಾರಿನ ಮಾಡು ಸೋರುತ್ತಿರಲಿಲ್ಲ. ಮಳೆಗಾಲದಲ್ಲಿ ಕೆಸರೆಂದು ಕಾರು ಹೊರಗೆ ಬರುತ್ತಿರಲಿಲ್ಲ. ಬೇಸಿಗೆಯಲ್ಲಿ ಧೂಳು. ಉಳಿದ ದಿನಗಳಲ್ಲಿ ಕಾಗೆ. ಹೀಗಾಗಿ ವರ್ಷದಲ್ಲಿ ಕಾರಿಗೆ ಯೋಗ್ಯವಾದ ದಿನಗಳು ಮದುವೆಯ ಮುಹೂರ್ತಕ್ಕಿಂತ ಅಪರೂಪ. ಅಂಥ ದಿನ ಬಂದಾಗಲೂ ಹತ್ತುವವರು ಚಪ್ಪಲಿ ಬಿಟ್ಟು, ಕಾಲು ಒರೆಸಿಕೊಂಡು, ತಲೆಗೆ ಎಣ್ಣೆ ಹಚ್ಚಿದ್ದರೆ ಹಿಂದಕ್ಕೆ ಒರಗದೆ, ದೇವರ ಎದುರು ಕೂತಂತೆ ನೆಟ್ಟಗೆ ಕೂರಬೇಕು. ಒಮ್ಮೆ ಅಕ್ಕ ಮುಡಿಗೆ ಅಬ್ಬಲಿಗೆ ದಂಡೆ ಮುಡಿದು ಹತ್ತಿದಳು. ಭಾವ ಇಡೀ ದಾರಿ ರಸ್ತೆಗಿಂತ ಹೆಚ್ಚಾಗಿ ಕನ್ನಡಿಯಲ್ಲಿ ಆ ದಂಡೆಯನ್ನೇ ನೋಡುತ್ತ ಗಾಡಿ ಹೊಡೆದರಂತೆ. ಅಕ್ಕ ಮೊದಲು ನಾಚಿದಳು. ಆಮೇಲೆ ಗೊತ್ತಾಯಿತು, ಹೂವು ಉದುರಿ ಸೀಟಿಗೆ ಕಲೆಯಾದೀತೆಂಬ ಚಿಂತೆ ಅದು ಎಂದು!

ಇಂಥ ಭಾವನನ್ನು ಭಟ್ಕಳದವರೆಗೆ ಕಾರು ತರುವಂತೆ ಮಾಡಿದವರು ಅಲ್ಲಿನ ಒಬ್ಬ ಬಟ್ಟೆ ವ್ಯಾಪಾರಿ. ಅಲ್ಲಿನ ನವಾಯತ ಮುಸಲ್ಮಾನರು, ಭಾವನ ಹಳೆಯ ಸ್ನೇಹಿತರು. ಕುಮಟೆಗೆ ಬಂದಾಗಲೆಲ್ಲ ಅವರು, ನಿಮ್ಮ ಕಾರಿಗೆ ಚಕ್ರ ಇದೆಯೋ, ಇಲ್ಲ ಪೀಠದ ಮೇಲೆ ಕೂರಿಸಿದ್ದೀರೋ ಎಂದು ಕೇಳುತ್ತಿದ್ದರು. ಕೊನೆಗೊಮ್ಮೆ ಭಾವನಿಗೆ ಹಟ ಬಂತು. ಮಳೆಗಾಲ ಕಳೆದು ಧೂಳು ಇನ್ನೂ ಏಳದ ಒಂದು ಭಾನುವಾರ ನನ್ನನ್ನೂ ಹತ್ತಿಸಿಕೊಂಡು ಹೊರಟರು. ಭಟ್ಕಳದಲ್ಲಿ ಆ ಸ್ನೇಹಿತರು ಕಾರಿನ ಸುತ್ತ ಪ್ರದಕ್ಷಿಣೆ ಹಾಕಿ, ಇದರಲ್ಲಿ ಮುಖ ನೋಡಿಕೊಂಡು ಗಡ್ಡ ತೆಗೆಯಬಹುದು ಎಂದರು. ಭಾವ ಮರಳುವಾಗ ಕೊಂಕಣಿ ಭಜನೆಯೊಂದನ್ನು ಗುನುಗುತ್ತಿದ್ದರು. ಅವರಿಗೆ ಕೊಂಕಣಿಯೂ ಅಷ್ಟಕ್ಕಷ್ಟೆ, ರಾಗವೂ ಅಷ್ಟಕ್ಕಷ್ಟೆ. ಸಂತೋಷ ಮಾತ್ರ ಪೂರ್ತಿ ಇತ್ತು.

ಶರಾವತಿಗೆ ಆಗ ಸೇತುವೆ ಇರಲಿಲ್ಲ. ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲಿನ ಮೇಲೆ ಕಾರನ್ನು ದಾಟಿಸಬೇಕು. ನಾವು ಹೊನ್ನಾವರದ ಎದುರಿನ ಕಾಸರಕೋಡಿನ ದಡಕ್ಕೆ ಬಂದಾಗ ಜಂಗಲು ಆಚೆ ದಡದಲ್ಲಿತ್ತು. ನಾನು ಒಂದು ಮರದ ನೆರಳು ತೋರಿಸಿದೆ. ಮರದ ಮೇಲೆ ಕಾಗೆ ಇತ್ತು. ಇನ್ನೊಂದು ಕಡೆ ಮೀನು ಒಣಹಾಕಿದ್ದರು, ವಾಸನೆ ಹತ್ತೀತು. ಕೊನೆಗೆ ಭಾವ ಬಹಳ ಯೋಚಿಸಿ, ಕಾಗೆಯೂ ಇಲ್ಲದ ಮೀನೂ ಇಲ್ಲದ ಒಂದು ಚೊಕ್ಕ ಜಾಗ ಹುಡುಕಿ ಕಾರು ನಿಲ್ಲಿಸಿದರು. ನಾವಿಬ್ಬರೂ ಚಾ ಕುಡಿಯಲು ಹೋದೆವು.

ಆ ಚೊಕ್ಕ ಜಾಗದ ಗಾಳಿಮುಖಕ್ಕೆ ಒಂದು ಹೊಸ ಲಾಂಚನ್ನು ದಡಕ್ಕೆ ಎಳೆದಿಟ್ಟಿದ್ದರು. ನಾವು ಹೋದಮೇಲೆ ಅದಕ್ಕೆ ಬಣ್ಣ ಹೊಡೆಯಲು ಶುರು ಮಾಡಿದ್ದಾರೆ. ಕುಂಚದಿಂದ ಹೊಡೆದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ. ಅದು ಗಾಳಿ ತುಂಬಿ ಬಣ್ಣವನ್ನು ಮಂಜಿನಂತೆ ಹಾರಿಸುವ ಯಂತ್ರ. ನಮ್ಮ ಕಡೆಗೆ ಆಗಷ್ಟೇ ಬಂದಿತ್ತು. ಕಡಲ ಗಾಳಿ ಅರ್ಧ ಬಣ್ಣವನ್ನು ಲಾಂಚಿಗೆ ಬಿಟ್ಟು, ಉಳಿದರ್ಧವನ್ನು ಭಾವನ ಕಾರಿಗೆ ತಂದು ಕೊಟ್ಟಿತು.

ಜಂಗಲು ಬಂದ ಗಡಿಬಿಡಿಯಲ್ಲಿ ನಮಗೆ ಏನೂ ತಿಳಿಯಲಿಲ್ಲ. ನದಿಯ ಮಧ್ಯೆ ಭಾವ ಎಂದಿನಂತೆ ಕಾರಿನ ಮೂತಿಯ ಮೇಲೆ ಕೈಯಾಡಿಸಿದವರು ಹಾಗೇ ನಿಂತುಬಿಟ್ಟರು. ನುಣ್ಣಗೆ ಜಾರಬೇಕಿದ್ದ ಕೈ ಗರಗರ ಎಂದಿತ್ತು. ಬಗ್ಗಿ ನೋಡಿದರೆ ಕಪ್ಪಿನ ಮೇಲೆಲ್ಲ ಸಾಸಿವೆಗಿಂತ ಸಣ್ಣ ಹಸಿರು ಹನಿಗಳು. ಬಾನೆಟ್ಟು, ಬಾಗಿಲು, ನೆತ್ತಿ, ಎಲ್ಲ ಕಡೆ.

"ಎಂತದಾ ಮಾರಾಯ ಇದು?" ಎಂದರು ಮೆಲ್ಲಗೆ. ಅವರ ಧ್ವನಿ ಕೇಳಿ ಜಂಗಲು ನಡೆಸುವವನೂ ಹುಟ್ಟು ಹಾಕುವುದನ್ನು ನಿಲ್ಲಿಸಿದ.

ಮನೆಗೆ ಬಂದ ಕಾರನ್ನು ಅಕ್ಕ ಸುತ್ತಿ ನೋಡಿ, ಬಳಸದೆ ಇಟ್ಟ ಪಾತ್ರೆಗೆ ಪಾಚಿ ಹಿಡಿಯದೆ ಇನ್ನೇನಾಗುತ್ತದೆ ಎಂದಳು. ಭಾವ ಆ ರಾತ್ರಿ ಉಣ್ಣಲಿಲ್ಲ.

ಮರುದಿನದಿಂದ ಚಿಕಿತ್ಸೆ. ಸೀಮೆಎಣ್ಣೆಯನ್ನು ಒಂದು ಮೂಲೆಗೆ ಹಚ್ಚಿ ನೋಡಿದರು. ಹಸಿರು ಹೋಗಲಿಲ್ಲ, ಕಪ್ಪಿನ ಹೊಳಪು ಮಂಕಾಯಿತು. ಮಜ್ಜಿಗೆ ಹಚ್ಚಿದರು, ನೊಣ ಬಂದವು. ಅಂಟುವಾಳದ ನೊರೆಗೆ ಹನಿಗಳು ಇನ್ನಷ್ಟು ಮಿನುಗಿದವು. ಅಕ್ಕ ಬೂದಿ ಮತ್ತು ತೆಂಗಿನ ನಾರು ಹಿಡಿದು ಬಂದಾಗ ಭಾವ ಕಾರಿಗೆ ಅಡ್ಡ ನಿಂತರು. ಗ್ಯಾರೇಜಿನವನು ಬಂದು, ಮೇಲಿನ ಬಣ್ಣವನ್ನೆಲ್ಲ ಉಜ್ಜಿ ತೆಗೆದು ಹೊಸದಾಗಿ ಬಳಿಯಬೇಕು ಎಂದ. ಅದೂ ಬೇಡವಾದರೆ ಉಳಿದ ಜಾಗಕ್ಕೂ ಹಸಿರೇ ಹೊಡೆದುಬಿಡಿ ಎಂದು ಸಲಹೆ ಕೊಟ್ಟ. ಅವನಿಗೆ ಆ ದಿನ ಚಾ ಸಿಗಲಿಲ್ಲ.

ದಾರಿ ತೋರಿಸಿದ್ದು ಅಕ್ಕನೇ. ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತ ಕಾರಿನ ಹತ್ತಿರ ನಿಂತವಳು, ಬೇಸರಕ್ಕೆ ಎಂಬಂತೆ ಒಂದು ಹನಿಯನ್ನು ಎಣ್ಣೆಬೆರಳಿನಿಂದ ತಿಕ್ಕಿ ಉಗುರಿನಿಂದ ಮೀಟಿದಳು. ಹನಿ ಇಡಿಯಾಗಿ ಎದ್ದು ಬಂತು! ಕೆಳಗಿನ ಕಪ್ಪು ಹಾಗೇ ಇತ್ತು. ಎಣ್ಣೆ ಹಚ್ಚಿ, ಸ್ವಲ್ಪ ಕಾದು, ಒಂದೊಂದೇ ಹನಿಯನ್ನು ಉಗುರಿನಿಂದ ಬಿಡಿಸಬೇಕು. ಅಷ್ಟೇ. ಆದರೆ ಹನಿಗಳೋ, ಆಕಾಶದ ನಕ್ಷತ್ರದಷ್ಟು.

ಆವತ್ತಿನಿಂದ ಆ ಮನೆಯಲ್ಲಿ ಉಗುರು ಕತ್ತರಿಸುವುದು ನಿಷಿದ್ಧ. ಬಂದ ನೆಂಟರ ಕ್ಷೇಮಸಮಾಚಾರ ಕೇಳುವ ಮೊದಲು ಭಾವ ಅವರ ಕೈ ಹಿಡಿದು ಉಗುರು ನೋಡುತ್ತಿದ್ದರು. ಉಗುರಿದ್ದವರಿಗೆ ಒಗ್ಗರಣೆ ಅವಲಕ್ಕಿ, ಚಾ, ಕೂರಲು ಮಣೆ, ಕೈಗೊಂದು ಎಣ್ಣೆಬಟ್ಟಲು. ಉಗುರು ಕಚ್ಚುವ ಚಟದವರಿಗೆ ಬರೀ ನೀರು. ಅಂಚೆಯವನು ಒಳ್ಳೆಯ ಉಗುರಿನ ಮನುಷ್ಯ. ಅವನು ಬಾಗಿಲ ಹಿಡಿಕೆಯ ಸುತ್ತಲ ಹನಿ ಬಿಡಿಸುತ್ತ ಕೂತುಬಿಟ್ಟದ್ದರಿಂದ ಆ ಬೀದಿಯ ಪತ್ರಗಳೆಲ್ಲ ತಡವಾದವು. ಮಾಸ್ತರನಾದ ನಾನು ಮಕ್ಕಳಿಗೆ ಮಾದರಿಯಾಗಿರಲೆಂದು ಉಗುರು ಬುಡಮಟ್ಟ ಕತ್ತರಿಸಿದ್ದೆ. ಭಾವ ನನ್ನ ಬೆರಳು ನೋಡಿ, ಇಷ್ಟು ಓದಿ ಎಂತ ಉಪಯೋಗ ಆತು ಎಂದು ನಿಟ್ಟುಸಿರು ಬಿಟ್ಟರು.

ಹೀಗೆ ಅಂಗಳದಲ್ಲಿ ದಿನವೂ ಜನ ಸೇರತೊಡಗಿದಾಗ, ಒಂದು ಮಧ್ಯಾಹ್ನ ಗೋಡೆ ಹಿಡಿದುಕೊಂಡು ಆಯಿ ಹೊರಗೆ ಬಂದರು. ಆಯಿ ಎಂದರೆ ಭಾವನ ತಾಯಿ. ಕಾರು ಮನೆಗೆ ಬರುವಷ್ಟರಲ್ಲಿ ಅವರ ಎರಡೂ ಕಣ್ಣಿನ ಬೆಳಕು ಹೋಗಿತ್ತು. ಒಂದು ಕಾಲಕ್ಕೆ ಇಡೀ ಮನೆಯನ್ನು ನಡೆಸಿದವರು. ಕಣ್ಣು ಹೋದಮೇಲೆ ಅಕ್ಕ, ಪಾಪ, ಅವರಿಗೆ ತೊಂದರೆಯಾಗಬಾರದೆಂದು ಒಂದೊಂದೇ ಕೆಲಸವನ್ನು ಅವರ ಕೈಯಿಂದ ತೆಗೆದುಕೊಂಡಿದ್ದಳು. ಈಗ ಅವರು ಒಳಕೋಣೆಯ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದರು. ಊಟಕ್ಕೆ ಕರೆದರೆ ಬರುತ್ತಿದ್ದರು.

ಎಂತ ಗಲಾಟೆ ಎಂದು ಆಯಿ ಕೇಳಿದರು. ಭಾವ ಎಲ್ಲವನ್ನೂ ಹೇಳಿ, ಅವರ ಕೈ ಹಿಡಿದು ಕಾರಿನ ಬಾಗಿಲ ಮೇಲೆ ಇಟ್ಟರು. ಅದು ಬೆಳಗಿನಿಂದ ನಾಲ್ಕು ಜನ ಕೂತು ಪೂರ್ತಿ ಮುಗಿಸಿದ ಬಾಗಿಲು.

"ಇದು ಎಲ್ಲ ಆತು ಆಯಿ," ಎಂದರು ಭಾವ.

ಆಯಿಯ ಬೆರಳು ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಬಂದು ನಿಂತಿತು. "ಇಲ್ಲೆ ತಮಾ. ಇಲ್ಲೊಂದು ಇದ್ದು."

ಬಗ್ಗಿ ನೋಡಿದರೆ ಹೌದು! ಅದರ ಪಕ್ಕ ಇನ್ನೊಂದು. ಕಣ್ಣಿದ್ದ ನಾವೆಲ್ಲ ಬಿಟ್ಟ ಹನಿಗಳು ಅವರ ಬೆರಳಿಗೆ ಸಿಕ್ಕುತ್ತಿದ್ದವು. ಅಕ್ಕ ಮಣೆ ತಂದು ಹಾಕಿದಳು. ಆಯಿ ಸೆರಗು ಸಿಕ್ಕಿಸಿ ಕೂತರು.

ಆಮೇಲಿನ ವಾರಗಳಲ್ಲಿ ಅಂಗಳಕ್ಕೆ ಆಯಿಯೇ ಯಜಮಾನಿ. ಯಾರು ಎಲ್ಲಿ ಅರೆಬರೆ ಮಾಡಿದ್ದಾರೆಂದು ಮುಟ್ಟಿಯೇ ಹೇಳುತ್ತಿದ್ದರು. ಅಂಚೆಯವನು ಎರಡು ಸಲ ಬೈಸಿಕೊಂಡ. ಕೈಗೆ ಕೆಲಸ ಸಿಕ್ಕಿದ್ದೇ ಬಾಯಿಗೂ ಜೀವ ಬಂತು. ಹಳೆಯ ಮದುವೆಯ ಹಾಡುಗಳನ್ನು ಹೇಳುತ್ತಿದ್ದರು. ತಾವು ಮದುವೆಯಾಗಿ ದೋಣಿಯಲ್ಲಿ ತದಡಿ ಹೊಳೆ ದಾಟಿ ಬಂದದ್ದು, ನಡುನೀರಿನಲ್ಲಿ ಮದುಮಗ ಹೆದರಿ ತಮ್ಮ ಕೈ ಹಿಡಿದದ್ದು, ಎಲ್ಲ ಹೊರಬಂತು. ರಾತ್ರಿ ಊಟಕ್ಕೆ ಎರಡನೆಯ ಸಲ ಅನ್ನ ಕೇಳುತ್ತಿದ್ದರೆಂದು ಅಕ್ಕ ನನಗೆ ಗುಟ್ಟಿನಂತೆ ಹೇಳಿದಳು.

ಆದರೆ ಆಕಾಶದ ನಕ್ಷತ್ರವನ್ನೂ ದಿನವೂ ಕೀಳುತ್ತ ಹೋದರೆ ಮುಗಿಯಲೇಬೇಕಲ್ಲ? ಒಂದು ಭಾನುವಾರ ಮುಗಿಯಿತು. ಭಾವ ಕಾರನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿದರು. ಅದು ಮೊದಲಿನಂತೆಯೇ ಹೊಳೆಯಿತು. ಆಯಿ ಮೂತಿಯಿಂದ ಬಾಲದವರೆಗೆ ಕೈಯಾಡಿಸಿದರು. ಬೆರಳು ಎಲ್ಲಿಯೂ ನಿಲ್ಲಲಿಲ್ಲ. "ಆತನಾ? ಎಲ್ಲ ಆತಾ?" ಎಂದು ಕೇಳಿ, ಕೈ ತೊಳೆದುಕೊಂಡು ಒಳಗೆ ಹೋದರು. ನಾವು ಹೊರಗೆ ಕೂತು ಪಾಯಸ ತಿಂದೆವು.

ಕೆಲವು ದಿನಗಳ ನಂತರ ನಾನು ಶಾಲೆ ಮುಗಿಸಿ ಹೊನ್ನಾವರದ ಪೇಟೆಯಲ್ಲಿ ಬರುತ್ತಿದ್ದಾಗ, ಭಾವ ಕೊಡೆ ಹಿಡಿದು ದೋಣಿ ಹತ್ತುವ ದಕ್ಕೆಯ ಕಡೆ ಬಿರಬಿರನೆ ನಡೆಯುತ್ತಿದ್ದುದು ಕಂಡಿತು. ಬಸ್ಸಿನಲ್ಲಿ ಬಂದಿದ್ದರು. ಮುಖ ಬಿಗಿದಿತ್ತು. ಆ ಲಾಂಚಿನವರ ಹತ್ತಿರ ಈಗ ಜಗಳಕ್ಕೆ ಹೊರಟರಲ್ಲ ಎಂದು ಹೆದರಿ ನಾನೂ ಹಿಂದೆಯೇ ಓಡಿ ದೋಣಿ ಹತ್ತಿದೆ. ಕಾಸರಕೋಡಿನಲ್ಲಿ ಭಾವ ಬಣ್ಣ ಹೊಡೆಯುವವರನ್ನು ಹುಡುಕಿ, ಬಹಳ ಮರ್ಯಾದೆಯಿಂದ, ಆ ಲಾಂಚಿಗೆ ಹೊಡೆದ ಹಸಿರು ಸ್ವಲ್ಪ ಉಳಿದಿದೆಯೇ ಎಂದು ಕೇಳಿದರು. ಅವರು ಒಂದು ಡಬ್ಬಿಯಲ್ಲಿ ಹಾಕಿ ಕೊಟ್ಟರು. ನಾನು ಕೇಳಿದ್ದಕ್ಕೆ, ಕಿಟಕಿಯ ಸರಳಿಗೆ ಎಂದರು. ನಾನು ನಂಬಿದೆ.

ಆ ಶನಿವಾರ ಕುಮಟೆಗೆ ಹೋದೆ. ಆಯಿ ಮತ್ತೆ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಭಾನುವಾರ ಬೆಳಿಗ್ಗೆ ಬಾವಿಕಟ್ಟೆಗೆ ಮುಖ ತೊಳೆಯಲು ಹೋದವನು ಕಾರಿನ ಮಾಡಿನ ಕಡೆ ನೋಡಿದೆ. ಭಾವ ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಎಡಗೈಯಲ್ಲಿ ಆ ಡಬ್ಬಿ, ಬಲಗೈಯಲ್ಲಿ ಹಳೆಯ ಹಲ್ಲುಜ್ಜುವ ಬ್ರಶ್ಶು. ಬ್ರಶ್ಶನ್ನು ಬಣ್ಣದಲ್ಲಿ ಅದ್ದಿ, ಅದರ ಕೂದಲನ್ನು ಬೆರಳಿನಿಂದ ಹಿಂದಕ್ಕೆಳೆದು, ಕಾರಿನ ಮೇಲೆ ಬಿಟ್ಟರು. ಸಣ್ಣ ಹಸಿರು ಹನಿಗಳು ಹಾರಿ ಕೂತವು. ಬಿಡುವಾಗ ಅವರು ಮುಖವನ್ನು ಆಚೆ ತಿರುಗಿಸಿ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಮಗುವಿಗೆ ಸೂಜಿ ಚುಚ್ಚಿಸುವ ಅಪ್ಪನ ಹಾಗೆ.

ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು. ತುಟಿಗೂ ಹಸಿರಾಯಿತು. ಅಷ್ಟರಲ್ಲಿ ಅಕ್ಕ ಕೆಂಡದ ಮೇಲೆ ಧೂಪ ಹಾಕಿಕೊಂಡು ಬಂದು ಅಂಗಳದ ತುಂಬ ಹೊಗೆ ಹಿಡಿದಳು. ಆಯಿಗೆ ಹಸಿ ಬಣ್ಣದ ವಾಸನೆ ಹತ್ತಬಾರದಲ್ಲ!

ಬಣ್ಣ ಒಣಗಬೇಕಿತ್ತು. ಮುಂದಿನ ಭಾನುವಾರ ಭಾವ ಒಳಕೋಣೆಗೆ ಹೋಗಿ, "ಆಯಿ, ಹಿಂದಿನ ಬದಿಗೆ ಇನ್ನೂ ಸುಮಾರು ಉಳ್ದಿದ್ದು. ನಂಗೆ ತೆಗೆಯಲೆ ಬತ್ತಿಲ್ಲೆ," ಎಂದರು. ಆಯಿ ಎದ್ದು ಕೂತರು. ನಿಮಗೆಲ್ಲ ಕಣ್ಣಿದ್ದೂ ಇಷ್ಟೇ ಎಂದು ಗೊಣಗುತ್ತ ಎಣ್ಣೆಬಟ್ಟಲಿಗೆ ಕೈ ಚಾಚಿದರು.

ಆ ಮಧ್ಯಾಹ್ನ ಭಾವ ಅಂಗಡಿಯ ಕೆಲಸಕ್ಕೆಂದು ಹೊರಗೆ ಹೋಗಿದ್ದರು. ಆಯಿಯ ಹತ್ತಿರ ನಾನೊಬ್ಬನೇ ಕೂತಿದ್ದೆ. ಅವರು ಒಂದು ಹನಿಯನ್ನು ಬಿಡಿಸಿ, ಬೆರಳ ತುದಿಯಲ್ಲಿ ಉರುಳಿಸಿ ನೋಡಿ, ಧ್ವನಿ ತಗ್ಗಿಸಿದರು.

"ನಿನ್ನ ಭಾವಂಗೆ ಹೇಳು, ಮುಂದಿನ ಸಲ ಬಣ್ಣ ಆಚೆ ಬದಿಗೆ ಹೊಡೆಯಲಿ. ಇಲ್ಲಿ ಬೆನ್ನಿಗೆ ಬಿಸಿಲು ಬತ್ತು."

ಸಂಜೆ ಭಾವನಿಗೆ ಹೇಳಿದೆ. ಅವರ ಕೈಯಲ್ಲಿ ಕಾರು ಒರೆಸುವ ಬಟ್ಟೆ ಇತ್ತು. ಅದೇ ಬಟ್ಟೆಯಿಂದ ಮುಖ ಒರೆಸಿಕೊಂಡರು.

ಮುಂದಿನ ಸಲ ನಾನು ಹೋದಾಗ ಹಸಿರು ನೆರಳಿನ ಬದಿಗಿತ್ತು.