ಐದಕ್ಕೆ ಕಟ್ ಎನ್ನುವ ಸ್ಪ್ಯಾನರು

ನಮ್ಮ ಮಂಡ್ಯದ ಕಡೆ ‘ಸಾಕು’ ಎಂಬ ಮಾತನ್ನು ಯಾರೂ ನಂಬುವುದಿಲ್ಲ. ಊಟಕ್ಕೆ ಕೂತವನು ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಸಾಕು ಎಂದರೆ, ಬಡಿಸುವವರು ಬೆರಳುಗಳ ನಡುವೆ ಸಂದಿ ಹುಡುಕುತ್ತಾರೆ. ಸಂತೆಯಲ್ಲಿ ತೂಕ ಸರಿಯಾಗಿ ನಿಂತ ಮೇಲೆಯೇ ನಿಜವಾದ ವ್ಯಾಪಾರ ಶುರು. ಮೇಲೊಂದು ಹಿಡಿ ಕೊಸರು ಬೀಳದಿದ್ದರೆ ಕೊಂಡವನಿಗೆ ಸಮಾಧಾನವಿಲ್ಲ, ಮಾರಿದವನಿಗೆ ಮರ್ಯಾದೆಯಿಲ್ಲ. ಇಂಥ ಊರಿನಲ್ಲಿ ಬೆಳೆದ ನಾನು ಸೈಕಲ್ಲಿನ ಬೋಲ್ಟು ಬಿಗಿಯಾದ ಮೇಲೆ ಕೊಸರಿಗೆಂದು ಇನ್ನರ್ಧ ಸುತ್ತು ತಿರುಗಿಸಿದರೆ ಅದು ತಪ್ಪಲ್ಲ, ಸಂಸ್ಕಾರ. ಬೋಲ್ಟಿಗೆ ಮಾತ್ರ ಆ ಸಂಸ್ಕಾರವಿರಲಿಲ್ಲ. ಮುರಿಯಿತು.

ಅದು ನನ್ನ ಹೆಂಡತಿ ಸುನಂದಾಳ ಸೈಕಲ್ಲಿನ ಹ್ಯಾಂಡಲ್ ಬೋಲ್ಟು. ಆಗ ಹೊರಗೆ ಮಳೆ ಸುರಿಯುತ್ತಿತ್ತು ಎಂದು ಬರೆದಿದ್ದೆ, ಹೊಡೆದುಹಾಕಿದ್ದೇನೆ. ಮಳೆ ಇರಲಿಲ್ಲ. ನೆನಪು ಬೇಡದ ಕಡೆ ಮಳೆ ತರಿಸುತ್ತದೆ, ಬೇಕಾದವರ ಬಾಯಿಗೆ ಒಳ್ಳೆಯ ಮಾತು ಹಾಕುತ್ತದೆ. “ಪರವಾಗಿಲ್ಲ ಬಿಡಿ” ಎಂದು ಸುನಂದಾ ಹೇಳಿದಳೆಂದು ನನ್ನ ನೆನಪು ಸಾಕ್ಷಿ ನುಡಿಯುತ್ತದೆ. ಅವಳು ಹೇಳಿದ್ದು ಬೇರೆ: “ರೀ, ಬರೋ ಭಾನುವಾರ ಸೈಕಲ್ಲಲ್ಲೇ ಮಳವಳ್ಳಿಗೆ ಬತ್ತೀನಿ ಅಂತ ನಮ್ಮ ತವರಿನೋರ್ಗೆಲ್ಲ ಹೇಳಿಬಿಟ್ಟಿದ್ದೀನಿ. ಇನ್ನೊಂದು ಬೋಲ್ಟ್ ಮುರಿದ್ರೆ ನಿಮ್ಮ ಸ್ಪ್ಯಾನರ್ ಡಬ್ಬ ಗುಜರಿಗೆ.” ಮನೆಯಲ್ಲಿ ನನ್ನದೆಂದು ಹೇಳಿಕೊಳ್ಳಲು ಇರುವುದು ಆ ಡಬ್ಬವೊಂದೇ. ಬೀರುವಿನಲ್ಲಿ ನನ್ನ ಬಟ್ಟೆಗಳು ಬಾಡಿಗೆಗಿವೆ.

ಹೀಗಾಗಿ ಟಾರ್ಕ್ ರೆಂಚ್ ಹುಡುಕಲು ಹೊರಟೆ. ಎಷ್ಟು ಬಿಗಿ ಬೇಕೋ ಅಷ್ಟಾದ ಕೂಡಲೇ ಅದನ್ನು ತಿಳಿಸುವ ಸ್ಪ್ಯಾನರು ಅದು. ನಮ್ಮ ಹ್ಯಾಂಡಲ್ ಬೋಲ್ಟಿನ ಪಕ್ಕದಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ, ಬೇಕಾದ ಬಿಗಿ ಐದು ನ್ಯೂಟನ್ ಮೀಟರ್ ಎಂದಿತ್ತು. ಅಂಗಡಿಯವರು ನನ್ನ ತೋಳಿನಷ್ಟು ಉದ್ದದ್ದೊಂದನ್ನು ತಂದು ಮುಂದಿಟ್ಟರು.

“ಇದು ತಕೊಳಿ ಸಾ. ಟ್ರ್ಯಾಕ್ಟರ್ ಚಕ್ರಕ್ಕೂ ಆಯ್ತದೆ.”

“ನನ್ನದು ಸೈಕಲ್ಲು.”

“ನಾಳೆ ಟ್ರ್ಯಾಕ್ಟರ್ ತಕೊಂಡ್ರೆ?”

ಈ ದೂರದೃಷ್ಟಿಗೆ ಕೈ ಮುಗಿದೆ. ಆದರೆ ಆ ಮಹಾಕಾಯನ ಅಂಕಿಗಳು ಶುರುವಾಗುವುದೇ ಇಪ್ಪತ್ತೆಂಟರಿಂದ. ಐದೆಂಬುದು ಅವನ ಪಾಲಿಗೆ ಸೊಳ್ಳೆ. ಕೊನೆಗೆ ಸಣ್ಣವು ಎರಡು ಹೊರಬಂದವು. ಒಂದರಲ್ಲಿ ಸೂಜಿ ಅಂಕಿಯ ಮೇಲೆ ಸರಿಯುತ್ತದೆ. ಇನ್ನೊಂದರಲ್ಲಿ ಹಿಡಿ ತಿರುಗಿಸಿ ಅಂಕಿ ಇಟ್ಟರೆ, ಅಷ್ಟು ಬಿಗಿಯಾದಾಗ ‘ಕಟ್’ ಎನ್ನುತ್ತದೆ. ಎರಡರ ಫೋಟೋವನ್ನೂ ಮನೆಗೆ ಒಯ್ದೆ. ಮಗಳ ಮನಸ್ಸು ಬದಲಿಸಿ ಬಸ್ಸು ಹತ್ತಿಸಬೇಕೆಂದು ಮಳವಳ್ಳಿಯಿಂದ ಬಂದು ಕೂತಿದ್ದ ನಮ್ಮ ಮಾವ ಕನ್ನಡಕ ಏರಿಸಿದರು. “ಸೂಜಿದೇ ತಕೊಳಿ ಅಳೀಮಯ್ಯ. ಕಣ್ಗೆ ಕಾಣ್ತದೆ.” ನನ್ನ ಭಯವೂ ಅದೇ. ಸೂಜಿ ಐದರ ಮೇಲೆ ನಿಂತರೂ ನಮ್ಮ ಮನೆಯ ಕಣ್ಣುಗಳಿಗೆ ಅದು ನಾಲ್ಕೂವರೆ. ಬಗ್ಗಿ ನೋಡಿದರೆ ಒಂದು, ನಿಂತು ನೋಡಿದರೆ ಇನ್ನೊಂದು. ಕಿವಿಯಾದರೆ ಚೌಕಾಸಿ ಮಾಡುವುದಿಲ್ಲ ಎಂದುಕೊಂಡು ಕಟ್ ಎನ್ನುವುದನ್ನೇ ಕೊಂಡೆ.

ಶನಿವಾರ ಸಂಜೆ ಜಗುಲಿಯಲ್ಲಿ ಹೊಸ ಬೋಲ್ಟು ಹಾಕಿ, ಅಂಕಿಯನ್ನು ಐದಕ್ಕಿಟ್ಟು ತಿರುಗಿಸಿದೆ. ಕಟ್. ಮಾವನ ಮುಖ ಅರಳಿತು.

“ಇನ್ನೊಂದ್ ಸಲ ಅನ್ಸಿ, ನೋಡ್ವ.”

“ಬೇಡ ಮಾವ. ಸಾಕು.”

“ಅಯ್, ಒಂದ್ ಕಟ್‌ಗೆ ಏನ್ ಗಂಟು ಓಯ್ತದೆ?”

ನನ್ನ ಬಾಯಿಂದಲೇ ಸಾಕು ಎಂಬ ಮಾತು ಬಂದದ್ದನ್ನು ಕೇಳಿ ನನಗೇ ಅನುಮಾನವಾಯಿತು. ಅಷ್ಟರಲ್ಲಿ ಸುನಂದಾ ಸ್ಪ್ಯಾನರನ್ನು ಕಿತ್ತುಕೊಂಡಳು. “ಕೊಡ್ರೀ ಇಲ್ಲಿ. ಮಳವಳ್ಳಿ ದಾರಿಲಿ ಹ್ಯಾಂಡಲ್ ಕೈಗೆ ಕಿತ್ಕೊಂಡು ಬಂದ್ರೆ ನೀವು ಹಿಡ್ಕೊತೀರಾ?” ಸ್ಪ್ಯಾನರು ಕಟ್ ಎಂದಿತು. ಅದು ಹೇಳುತ್ತದೆಯೇ ಹೊರತು ಕೈ ಹಿಡಿದು ನಿಲ್ಲಿಸುವುದಿಲ್ಲ. ಅವಳು ಕೊಸರು ಹಾಕಿದಳು. ಎರಡನೆಯ ಸದ್ದು ಚಿಕ್ಕದಾಗಿ, ಖಚಿತವಾಗಿ ಬಂತು. ಬೋಲ್ಟಿನ ತಲೆ ಜಗುಲಿಯ ಮೇಲೆ ಉರುಳಿಕೊಂಡು ನನ್ನ ಕಾಲಿನ ಬಳಿ ನಿಂತಿತು.

“ಓಗ್ಲಿ ಬುಡವ್ವ,” ಎಂದರು ಮಾವ. “ಬೋಲ್ಟೇ ಕಳಪೆ ಕಣವ್ವ.” ನಾನು ಮುರಿದಾಗ ಕಳಪೆಯಾಗಿದ್ದು ನನ್ನ ಕೈ. ಉಕ್ಕುತ್ತಿದ್ದ ನಗುವನ್ನು ಮುಚ್ಚಿಕೊಳ್ಳಲು ಸ್ಪ್ಯಾನರಿನ ಜೊತೆ ಬಂದಿದ್ದ ಸೂಚನೆಯ ಹಾಳೆಯನ್ನು ಮುಖಕ್ಕೆ ಅಡ್ಡ ಹಿಡಿದು ಓದಿದೆ. ಕೆಲಸವಾದ ಮೇಲೆ ಒಳಗಿನ ಸ್ಪ್ರಿಂಗಿಗೆ ವಿಶ್ರಾಂತಿ ಬೇಕು, ಅಂಕಿಯನ್ನು ತೀರಾ ಕೆಳಕ್ಕೆ ಇಳಿಸಿಡಿ ಎಂದಿತ್ತು. ದೊಡ್ಡ ಗಾಂಭೀರ್ಯದಿಂದ ಅದರ ಕಟ್ಟಕಡೆಯ ಅಂಕಿಯಾದ ಎರಡಕ್ಕೆ ಇಳಿಸಿಟ್ಟೆ.

“ನಾಳೆ ನಿಮ್ಮ ಸೈಕಲ್ ತಕೊಂಡು ಓಯ್ತೀನಿ,” ಎಂದಳು ಸುನಂದಾ. ಮಾತು ಕೊಟ್ಟವಳು ಅವಳು. ಬಸ್ಸು ಹತ್ತುವ ಜಾತಿಯಲ್ಲ. ಬೆಳಿಗ್ಗೆ ನನ್ನ ಸೈಕಲ್ಲಿನ ಸೀಟನ್ನು ಅವಳ ಎತ್ತರಕ್ಕೆ ಇಳಿಸಿ, ಕಟ್ ಎನ್ನುವವರೆಗೆ ಬಿಗಿ ಮಾಡಿ ಕೈ ತೆಗೆದೆ. “ಅಷ್ಟೇನಾ?” ಎಂದರು ಮಾವ. “ಅಷ್ಟೇ,” ಎಂದೆ. ಹಿಂದಿನ ದಿನದ ಮುಜುಗರದಲ್ಲಿ ಯಾರೂ ಕೊಸರು ಕೇಳಲಿಲ್ಲ. ನನ್ನ ಜೀವನದ ಮೊದಲ ನಿಖರ ಕೆಲಸವದು.

ಮಾವ ಮತ್ತು ನಾನು ಹಿಂದಿನಿಂದ ಬಸ್ಸಿನಲ್ಲಿ ಹೊರಟೆವು. ಅರ್ಧ ದಾರಿ ದಾಟಿದ ಮೇಲೆ ಮಾವ ಕಿಟಕಿಯಿಂದ ತಲೆ ಹೊರಹಾಕಿದರು.

“ಅಳೀಮಯ್ಯ, ನಮ್ ಸುನಂದಾ ಯಾಕೋ ಕುಳ್ಳಗಾಗವ್ಳಲ್ಲ?”

“ದೂರದಿಂದ ಹಾಗೆ ಕಾಣುತ್ತೆ ಮಾವ.”

ಹತ್ತಿರವಾದಂತೆ ಇನ್ನಷ್ಟು ಕುಳ್ಳಗಾದಳು. ಸೀಟು ತಳ ಸೇರಿತ್ತು. ಮೊಣಕಾಲುಗಳು ಕಿವಿಯ ಅಕ್ಕಪಕ್ಕ ಏರಿಳಿಯುತ್ತಿದ್ದವು, ಆದರೂ ತುಳಿಯುತ್ತಿದ್ದಳು. ಮಳವಳ್ಳಿಯ ಅಂಗಳಕ್ಕೆ ಬಂದು ಇಳಿದಾಗ ನೆಂಟರೆಲ್ಲ ಚಪ್ಪಾಳೆ ಹೊಡೆದರು. ಮಡಿಸಿದ ಕಾಲು ನೆಟ್ಟಗಾಗದೆ, ಕೂತ ಭಂಗಿಯಲ್ಲೇ ನಿಂತು ನನ್ನ ಕಡೆ ಕೈ ಚಾಚಿದಳು. ಜೊತೆಗೆ ತಂದಿದ್ದ ಸ್ಪ್ಯಾನರು ಕೊಟ್ಟೆ. ಅಂಕಿ ನೋಡಿದಳು.

“ಎರಡು! ಎರಡಕ್ಕಿಟ್ಟು ಸೀಟ್ ಬಿಗಿ ಮಾಡಿದ್ರಾ?”

“ಸ್ಪ್ರಿಂಗಿಗೆ ವಿಶ್ರಾಂತಿ ಬೇಕು ಅಂತ…”

“ಬಾರವ್ವ, ನೀನೂ ಒಸಿ ಸುಧಾರಿಸ್ಕೊ,” ಎಂದರು ಅತ್ತೆ. “ಸ್ಪ್ರಿಂಗೇ ಸುಧಾರಿಸ್ಕೊತಾ ಅದಂತೆ.”

ಡಬ್ಬ ಗುಜರಿಗೆ ಹೋಗಲಿಲ್ಲ. ಆ ಎರಡನೆಯ ಬೋಲ್ಟು ಯಾರ ಕೈಯಲ್ಲಿ ಮುರಿಯಿತೆಂಬುದು ಸುನಂದಾಳಿಗೆ ಗೊತ್ತು. ಆದರೆ ಸ್ಪ್ಯಾನರು ಮಾತ್ರ ಅವಳ ಬ್ಯಾಗು ಸೇರಿದೆ. ನನ್ನ ಸೈಕಲ್ಲಿಗೆ ಬೇಕೆಂದರೆ ಕೇಳಿ ಪಡೆಯಬೇಕು. ಕೇಳಿದರೆ ಯಾವ ಬೋಲ್ಟು, ಎಷ್ಟಕ್ಕೆ, ಅಂಕಿ ನೋಡಿಕೊಂಡಿರಾ ಎಂಬ ವಿಚಾರಣೆ ನಡೆಯುತ್ತದೆ. ಅದಕ್ಕಿಂತ ಸೀಟು ಇಳಿದರೆ ಇಳಿಯಲಿ ಎಂದುಕೊಂಡಿದ್ದೇನೆ. ಮಂಡ್ಯದ ಬೀದಿಯಲ್ಲಿ ಗದ್ದಕ್ಕೆ ಮೊಣಕಾಲು ತಾಗಿಸಿಕೊಂಡು ಸೈಕಲ್ ತುಳಿಯುವ ಗೃಹಸ್ಥರೊಬ್ಬರು ನಿಮಗೆ ಕಂಡರೆ, ನಿಲ್ಲಿಸಿ ಕಾರಣ ಕೇಳಬೇಡಿ. ಅದೊಂದು ಆಸನ, ಬೆನ್ನಿಗೆ ಬಹಳ ಒಳ್ಳೆಯದು ಎಂದು ಕಚೇರಿಯವರಿಗೆಲ್ಲ ಹೇಳಿಟ್ಟಿದ್ದೇನೆ. ಇಬ್ಬರು ಆಗಲೇ ಅಭ್ಯಾಸ ಶುರು ಮಾಡಿದ್ದಾರೆ.