ಐದನೆಯವರಿಗೆ ಪುಕ್ಕಟೆ

ತಲೆಗೆ ಎಂಟು ನೂರು ರೂಪಾಯಿ. ನಾಲ್ಕು ಹೆಂಗಸರನ್ನು ಕರೆತಂದರೆ ಐದನೆಯವರಿಗೆ ಪುಕ್ಕಟೆ. ಈ ಎರಡನೆಯ ಮಾತು ತಪಾಸಣೆ ಶಿಬಿರದವರದಲ್ಲ, ನನ್ನದು. ಸೈಕಲ್ ಮೇಲೆ ಪಾತ್ರೆ ಮಾರುತ್ತ ಶಿರಸಿ ಪೇಟೆಯಲ್ಲಿ ಅಂಗಡಿ ಹಾಕುವವರೆಗೆ ಬಂದವನು ನಾನು. ಯಾರೇ ಬೆಲೆ ಹೇಳಲಿ, ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಮೈಯ ಶಾಖವನ್ನು ಬಣ್ಣದ ಚಿತ್ರವಾಗಿ ತೆಗೆಯುವ ಕ್ಯಾಮೆರಾ ಬಂದಿದೆ, ಸ್ತನದ ಕ್ಯಾನ್ಸರಿನ ಸುಳಿವು ಕೆಲವೊಮ್ಮೆ ಅದರಲ್ಲಿ ಬೇಗ ಸಿಗುತ್ತದೆ, ಮುಟ್ಟುವುದೂ ಇಲ್ಲ, ಒತ್ತುವುದೂ ಇಲ್ಲ ಎಂದು ಡಾಕ್ಟರಮ್ಮ ವಿವರಿಸುತ್ತಿದ್ದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: “ಐದು ಜನ ಬಂದರೆ ಎಷ್ಟಕ್ಕೆ ಬಿಡ್ತೀರಿ?”

ಕೊನೆಗೆ ಅವರು ಒಪ್ಪಿದರು. ಹೆಂಡತಿ, ಅತ್ತಿಗೆ, ಪಕ್ಕದ ಮನೆಯ ಇಬ್ಬರು ಎಂದು ನಾಲ್ಕು ತಲೆ ಸೇರಿದವು. ಪುಕ್ಕಟೆಯದನ್ನು ಬಿಟ್ಟುಕೊಡುವ ಜಾತಿ ನನ್ನದಲ್ಲ. ಮಂಚಿಕೇರಿಯಲ್ಲಿರುವ ತಂಗಿ ಸಾವಿತ್ರಿಗೆ ಫೋನ್ ಹಚ್ಚಿದೆ.

“ನಂಗೆಂತ ಆಜಿಲ್ಲೆ ಅಣ್ಣಯ್ಯ, ಆನು ಬತ್ನಿಲ್ಲೆ” ಎಂದು ಜಾರಿಕೊಳ್ಳಲು ನೋಡಿದಳು.

“ಎಂತ ಆಗ್ದೇ ಇದ್ದವಕ್ಕೇ ಇದು. ಪುಕ್ಕಟೆ ಇದ್ದು, ಬಾರೆ!”

ತಣ್ಣನೆಯ ಕೋಣೆಯಲ್ಲಿ ಕೂತು ಮೈ ಆರಿಸಿಕೊಳ್ಳಬೇಕು, ಅದಕ್ಕೆ ಮುಂಚೆ ಬಿಸಿ ಏನೂ ಕುಡಿಯಬಾರದು ಎಂದು ಮೊದಲೇ ಹೇಳಿದ್ದರು. ಶಿಬಿರಕ್ಕೆ ಬಂದ ಸಾವಿತ್ರಿ ಚಹಾ ಮುಟ್ಟಲಿಲ್ಲ. ಮನೆಯಿಂದ ಫ್ಲಾಸ್ಕಿನಲ್ಲಿ ತಂದ ಕೊತ್ತಂಬರಿ-ಜೀರಿಗೆ ಕಷಾಯವನ್ನು, ಹೊಗೆಯಾಡುತ್ತಿದ್ದಂತೆಯೇ ಎರಡು ಲೋಟ ಇಳಿಸಿ ಒಳಗೆ ಹೋದಳು. ಚಿತ್ರ ಕೆಂಪೋ ಕೆಂಪು ಬಂತಂತೆ. ಹಾವೇರಿ ಕಡೆಯ ಡಾಕ್ಟರಮ್ಮ ಅವಳನ್ನು ಹೊರಗೆ ಕರೆತಂದು ಕೇಳಿದರು: “ಖರೇ ಹೇಳ್ರಿ ಅಕ್ಕಾರ, ಬಿಸಿ ಏನರ ಕುಡದ್ರೇನ್ರಿ?”

“ಬಿಸಿ ಎಂತದೂ ಇಲ್ಲೆ. ಕಷಾಯ ಅಷ್ಟೇ. ಅದು ಮೈಗೆ ತಂಪಲ್ದ!”

ನಾವೆಲ್ಲ ನಕ್ಕೆವು. “ಕಷಾಯದ್ದೇ ಕೆಂಪು, ಬಿಡಿ ಮೇಡಂ” ಎಂದು ನಾನು ಎಲ್ಲರನ್ನೂ ಹೊರಡಿಸಲು ನೋಡಿದೆ. ಡಾಕ್ಟರಮ್ಮ ನಗಲಿಲ್ಲ. “ಒಂದ ಕಡೆ ಭಾಳ ಕೆಂಪೈತ್ರಿ. ಇನ್ನೊಮ್ಮೆ ಆರಿಸಿ ನೋಡೂಣು, ಕುಂದರ್ರಿ.” ಮೈ ಆರಿದ ಮೇಲೆ ತೆಗೆದ ಚಿತ್ರದಲ್ಲಿ ಉಳಿದ ಕೆಂಪೆಲ್ಲ ಇಳಿದಿತ್ತು, ಎಡಗಡೆಯ ಒಂದು ಚುಕ್ಕೆ ಇಳಿದಿರಲಿಲ್ಲ. ಇದರಲ್ಲಿ ಕಾಣುವುದು ಬರೀ ಶಾಖ, ಕಾಯಿಲೆ ಹೌದೋ ಅಲ್ಲವೋ ಈ ಕ್ಯಾಮೆರಾ ಹೇಳುವುದಿಲ್ಲ, ಸ್ತನದ ಎಕ್ಸ್-ರೇ, ಅಂದರೆ ಮ್ಯಾಮೊಗ್ರಾಮ್ ಆಗಲೇಬೇಕು ಎಂದರು.

ಹುಬ್ಬಳ್ಳಿಯಲ್ಲಿ ಅದೂ ಆಯಿತು, ಸೂಜಿ ಪರೀಕ್ಷೆಯೂ ಆಯಿತು. ಕೈಗೆ ಸಿಗದಷ್ಟು ಸಣ್ಣ ಗಂಟು, ಕ್ಯಾನ್ಸರೇ. ವಾಪಸು ಬರುವಾಗ ಕಾರಿನಲ್ಲಿ ಸಾವಿತ್ರಿಯೇ ಹೇಳಿದಳು: “ಪುಕ್ಕಟೆ ಹೇಳಿ ಎಂತೆಂತದೆಲ್ಲ ಕೊಡ್ಸ್ತೆ ಮಾರಾಯ!” ನಾನು ನಗಲು ಹೋಗಿ ಅತ್ತೆ.

ಆಪರೇಷನ್ ಆಯಿತು. ಬೇಗ ಸಿಕ್ಕಿದ್ದರಿಂದ ಗುಣವಾಗುವ ಭರವಸೆ ಚೆನ್ನಾಗಿದೆ ಎಂದಿದ್ದಾರೆ. ಅವಳ ದನಿಯಂತೂ ಪೂರ್ತಿ ಗುಣವಾಗಿದೆ. ದಿನಾ ಫೋನ್ ಮಾಡಿ ನನ್ನನ್ನು ಗದರಿಸುತ್ತಾಳೆ. ಎಲೆ-ಅಡಿಕೆಯ ಕವಳ ಜಗಿದು ಜಗಿದು ನನ್ನ ಕೆನ್ನೆಯ ಒಳಗೆ ಒಂದು ಬಿಳಿ ಕಲೆ ಎದ್ದಿದೆ, ಅದೂ ಕ್ಯಾನ್ಸರಿಗೆ ತಿರುಗೀತು, ಅದನ್ನು ತೋರಿಸಿಲ್ಲ ಎಂದು. ಹಬ್ಬ ಕಳೆಯಲಿ ಅನ್ನುತ್ತೇನೆ. ಅವಳು ನಾಳೆ ಅನ್ನುತ್ತಾಳೆ. ಇನ್ನೂ ಕುದುರಿಲ್ಲ.

ನೀವು ಮಾತ್ರ ನನ್ನ ಮಾತು ಕೇಳಿ. ಇಂಥ ಶಿಬಿರಕ್ಕೆ ಹೋಗುವಾಗ ಕಷಾಯವೂ ಬಿಸಿಯೇ ಎಂದು ತಿಳಿಯಿರಿ. ಚಿತ್ರ ಚೆನ್ನಾಗಿ ಬಂತೆಂದು ಮ್ಯಾಮೊಗ್ರಾಮ್ ಬಿಡಬೇಡಿ. ಕೈಗೇ ಗಂಟು ಸಿಕ್ಕರೆ ಕ್ಯಾಮೆರಾಕ್ಕೆ ಕಾಯದೆ ಡಾಕ್ಟರ ಹತ್ತಿರ ಓಡಿ. ದರದಲ್ಲಿ ಚೌಕಾಸಿ ಮಾಡಿ, ದಿನದಲ್ಲಿ ಮಾಡಬೇಡಿ. ನನ್ನ ಹಾಗೆ ಬಾಯಲ್ಲಿ ಬಿಳಿ ಕಲೆ ಇದ್ದವರು ಕವಳ ಉಗಿದು ನಾಳೆಯೇ ತೋರಿಸಿಕೊಳ್ಳಿ. ಆಸ್ಪತ್ರೆಯ ಸರದಿ ಚೀಟಿ ಮೊದಲು ನೀವೇ ತೆಗೆದುಕೊಳ್ಳಿ. ನಾನು ನಿಮ್ಮ ಹಿಂದೆಯೇ ನಿಲ್ಲುತ್ತೇನೆ.